ನಾಲ್ಕನೆಯ ಮಾಸು

ನಮ್ಮ ಗಿರಣಿಯ ಬೆಕ್ಕು ಮೊದಲ ಸಲ ಮರಿ ಹಾಕಿದಾಗ ಯಾರೂ ಲೆಕ್ಕ ಇಟ್ಟಿರಲಿಲ್ಲ. ದಸರಾ ರಜೆಗೆಂದು ನಾನು ಧಾರವಾಡದ ಹಾಸ್ಟೆಲಿನಿಂದ ಹರಪನಹಳ್ಳಿಗೆ ಬಂದಿದ್ದೆ. ನಮ್ಮದು ಮುಂದೆ ಹಿಟ್ಟಿನ ಗಿರಣಿ, ಹಿಂದೆ ಮನೆ. ಗಿರಣಿಯ ಮೂಲೆಯಲ್ಲಿ ಖಾಲಿ ಚೀಲಗಳ ಹಿಂದೆ ಮೂರು ಮರಿ ಕಂಡವೆಂದು ಅಪ್ಪ ಹೇಳಿದ. ಅಷ್ಟಕ್ಕೇ ಎಲ್ಲರೂ ಸುಮ್ಮನಾದೆವು. ಮೂರನೆಯ ದಿನ ಆ ಮೂಲೆಯಿಂದ ವಾಸನೆ ಬಂತು. ಮರಿಗಳು ಒಂದಕ್ಕೊಂದು ಅಂಟಿಕೊಂಡು ಸತ್ತಿದ್ದವು. ಪಕ್ಕದಲ್ಲಿ ಬೆಕ್ಕು ಬಾಯಿ ತೆರೆದು ಮಲಗಿತ್ತು. ನಾನು ಮುಟ್ಟಿದಾಗ ಅದು ಕಣ್ಣು ಸಹ ಹೊರಳಿಸಲಿಲ್ಲ.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ದನಗಳ ಕಾಂಪೌಂಡರ್ ಆಗಿ ನಿವೃತ್ತರಾದ ಒಬ್ಬರಿದ್ದರು. ಅಪ್ಪ ಅವರನ್ನು ಕರೆತಂದ. ಅವರು ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ನನಗೆ ಬೆಕ್ಕಿನ ಮುಂಗಾಲು ಹಿಡಿಯಲು ಹೇಳಿ, ಒಳಗಿನಿಂದ ಏನನ್ನೋ ನಿಧಾನವಾಗಿ ಎಳೆದರು. ಅದು ಕಪ್ಪಗಿತ್ತು, ಹೆಬ್ಬೆರಳಿನಷ್ಟಿತ್ತು. ಆ ವಾಸನೆ ಎರಡು ದಿನ ನನ್ನ ಕೈಯಲ್ಲಿತ್ತು.

“ಮರಿ ಹಿಂದ ಬೀಳಬೇಕಾದ ಮಾಸು ಇದು. ಒಳಗ ಉಳದು ಕೊಳತೈತಿ,” ಎಂದರು. “ಎಷ್ಟು ಮರಿ ಬಂದ್ವು, ಎಷ್ಟು ಮಾಸು ಬಿದ್ವು, ಯಾರರ ಎಣಿಸಿದ್ರೇನು?”

ಅಪ್ಪ ಅವರ ಕೈಗೆ ನೀರು ಹಾಕಿದ.

“ಪ್ರಾಣಿಶಾಸ್ತ್ರ ಓದೋ ಮಗಳು ಮನ್ಯಾಗ ಅದಾಳ ಬ್ಯಾರೆ,” ಎಂದು ಕೈ ತೊಳೆಯುತ್ತ ನಕ್ಕರು. ಹೋಗುವಾಗ ನಗಲಿಲ್ಲ. “ಈ ಸಲ ಉಳಿದ್ರೂ ಉಳೀಬಹುದು. ಇನ್ನೊಮ್ಮೆ ಹಿಂಗಾದ್ರ ಬೆಕ್ಕು ಉಳಿಯೂದಿಲ್ಲ ನೋಡ್ರಿ.”

ಬೆಕ್ಕು ಉಳಿಯಿತು. ಎದ್ದು ಓಡಾಡಲು ಅದಕ್ಕೆ ಇಪ್ಪತ್ತು ದಿನ ಬೇಕಾಯಿತಂತೆ. ನಾನು ಅಷ್ಟರಲ್ಲಿ ಧಾರವಾಡಕ್ಕೆ ಮರಳಿದ್ದೆ.

ಮುಂದಿನ ಬೇಸಿಗೆಗೆ ನನ್ನ ಓದು ಮುಗಿಯಿತು. ಗಿರಣಿಯ ಬೋರ್ಡಿನಲ್ಲಿ ಬಳ್ಳಾರಿ ಜಿಲ್ಲೆ ಎಂದಿದ್ದುದನ್ನು ಅಳಿಸಿ ದಾವಣಗೆರೆ ಜಿಲ್ಲೆ ಎಂದು ಬರೆಸಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಬಣ್ಣದ ಕೆಳಗೆ ಹಳೆಯ ಅಕ್ಷರ ಕಾಣುತ್ತಿತ್ತು. ನಾನು ಎರಡು ಕಾಲೇಜುಗಳಿಗೆ ಅರ್ಜಿ ಹಾಕಿ ಸಂದರ್ಶನದ ಪತ್ರಕ್ಕೆ ಕಾಯುತ್ತಿದ್ದೆ. ಅಂಚೆಯವನು ಗಿರಣಿಯ ಮುಂದೆ ಸೈಕಲ್ ನಿಲ್ಲಿಸದೆ ಹೋದ ದಿನ ಅವ್ವ ಏನೂ ಕೇಳುತ್ತಿರಲಿಲ್ಲ. ತಾಟಿಗೆ ಒಂದು ರೊಟ್ಟಿ ಹೆಚ್ಚು ಹಾಕುತ್ತಿದ್ದಳು. ನಮ್ಮಿಬ್ಬರಲ್ಲಿ ಮಾತು ಕಡಿಮೆ. ನನ್ನ ಅಂಕಪಟ್ಟಿಗಳಿದ್ದ ತಗಡಿನ ಟ್ರಂಕನ್ನು ಅವಳು ತನ್ನ ಮಂಚದ ಕೆಳಗೇ ಇಟ್ಟುಕೊಂಡಿದ್ದಳು. ಗಿರಣಿ ಇರುವ ಮನೆ, ಇಲಿ ಕಡಿಯುತ್ತವೆ ಎಂಬುದು ಅವಳು ಕೊಡುತ್ತಿದ್ದ ಕಾರಣ.

ಬೆಕ್ಕು ಮತ್ತೆ ಬಸುರಾಗಿತ್ತು. ಪಕ್ಕದ ಮನೆಯ ತಗಡಿನ ಮೇಲೆ ಗಂಡು ಬೆಕ್ಕು ಕೂಗಾಡಿದ ಎರಡು ದಿನಗಳನ್ನು ನಾನು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತಿಸಿದ್ದೆ. ಅಲ್ಲಿಂದ ಅರವತ್ತಮೂರು ದಿನ ಎಣಿಸಿ ಇನ್ನೊಂದು ಗುರುತು ಹಾಕಿದೆ. ಊರಿಗೆ ಬರುವ ಮೊದಲು ಗ್ರಂಥಾಲಯದಲ್ಲಿ ಸಣ್ಣ ಪ್ರಾಣಿಗಳ ಹೆರಿಗೆಯ ಕುರಿತ ಒಂದು ಅಧ್ಯಾಯವನ್ನು ನೋಟುಪುಸ್ತಕಕ್ಕೆ ನಕಲು ಮಾಡಿಕೊಂಡಿದ್ದೆ. ಅದರಲ್ಲಿ ಒಂದು ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ: ಪ್ರತಿ ಮರಿಗೂ ಒಂದು ಮಾಸು, ತಾಯಿ ಅದನ್ನು ತಿನ್ನುವುದು ಸಹಜ, ತಿನ್ನುವ ಮೊದಲು ಎಣಿಸಬೇಕು, ಒಂದು ಕಡಿಮೆಯಾದರೂ ಒಂದು ದಿನಕ್ಕಿಂತ ಹೆಚ್ಚು ಕಾಯಬಾರದು.

ಮಾರ್ಕೆಟ್ಟಿನ ಕಿರಾಣಿ ಅಂಗಡಿಯಿಂದ ಚಹಾಪುಡಿ ತುಂಬಿ ಬರುವ ತೆಳು ಹಲಗೆಯ ಪೆಟ್ಟಿಗೆ ತಂದೆ. ಒಂದು ಬದಿಯನ್ನು ಅರ್ಧಕ್ಕೆ ಕೊಯ್ದು, ಮೊಳೆಗಳನ್ನು ಬಡಿದು ಮಲಗಿಸಿ, ಒಳಗಿನ ಬೇಗಡೆಯ ಹಾಳೆ ಕಿತ್ತು, ಎರಡು ದಿನ ಬಿಸಿಲಿಗಿಟ್ಟೆ. ಕೆಳಗೆ ಹಳೆಯ ಪತ್ರಿಕೆ, ಮೇಲೆ ಅಪ್ಪನ ಪಂಚೆಯ ನಾಲ್ಕು ತುಂಡು. ಪಂಚೆ ಇನ್ನೂ ಉಡುವ ಹಾಗಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, “ನನ್ನಕಿಂತ ಬೆಕ್ಕಿಗೆ ಮರ್ಯಾದಿ ಬಂತು,” ಎಂದು ಕೊಟ್ಟ. ಒಂದು ಸ್ಟೀಲ್ ಡಬ್ಬಿಯಲ್ಲಿ ಕುದಿಸಿದ ದಾರ, ಹೊಸ ಬ್ಲೇಡು, ಟಿಂಚರ್ ಶೀಶೆ, ಕಣ್ಣಿಗೆ ಹಾಕುವ ಔಷಧದ ಖಾಲಿ ಡ್ರಾಪರ್, ಮನೆಯ ಥರ್ಮಾಮೀಟರ್ ಇಟ್ಟೆ. ಬೆಕ್ಕಿನ ಜ್ವರ ಎಲ್ಲಿ ನೋಡುತ್ತಾರೆಂದು ತಿಳಿದ ಮೇಲೆ ಅವ್ವ ಒಂದೇ ಮಾತು ಹೇಳಿದಳು: “ಆ ಕೊಳವಿ ಮತ್ತ ಮನ್ಯಾಗ ಯಾರ ಬಾಯಿಗೂ ಬರೂದು ಬ್ಯಾಡ.”

ಬೆಕ್ಕಿಗೆ ಪೆಟ್ಟಿಗೆ ಹಿಡಿಸಲಿಲ್ಲ. ಎತ್ತಿ ಒಳಗೆ ಬಿಟ್ಟರೆ ನನ್ನ ಮುಖ ನೋಡಿ ಇಳಿದು ಹೋಗುತ್ತಿತ್ತು. ಮೊರದಲ್ಲಿ ಮಲಗಿತು, ಅವ್ವನ ಹಾಸಿಗೆಯ ಸುರುಳಿಯಲ್ಲಿ ಮಲಗಿತು, ಒಂದು ದಿನ ಜೋಳ ಬೀಳುವ ಗಿರಣಿಯ ಬಾಯಲ್ಲೇ ಮಲಗಿತ್ತು. ಅಪ್ಪ ಸ್ವಿಚ್ಚಿಗೆ ಕೈ ಹಾಕುವ ಮೊದಲು ನೋಡಿದ್ದು ಪುಣ್ಯ. ಹಾಲು, ಹಾಲಲ್ಲಿ ನೆನೆಸಿದ ರೊಟ್ಟಿ, ಬೆಣ್ಣೆ ಎಲ್ಲ ಇಟ್ಟು ಕರೆದೆ. ತಿಂದು ಹೋಗುತ್ತಿತ್ತು. ಐದನೆಯ ದಿನ ಅವ್ವ ಬಂದು, ಪಂಚೆಯ ತುಂಡುಗಳ ಮೇಲೆ ಹಳೆಯ ಗೋಣಿಚೀಲದ ಒಂದು ತುಂಡು ಹಾಸಿ ಹೋದಳು. ಹಿಟ್ಟಿನ ವಾಸನೆಯ ಚೀಲ. ಅರ್ಧ ಗಂಟೆಯಲ್ಲಿ ಬೆಕ್ಕು ಅದರ ಮೇಲಿತ್ತು. ನನ್ನ ನೋಟುಪುಸ್ತಕದಲ್ಲಿ ಗೋಣಿಚೀಲದ ಮಾತಿರಲಿಲ್ಲ. ಅವ್ವನಿಗೆ ಇದರಲ್ಲಿ ಆಸಕ್ತಿ ಹುಟ್ಟಿದೆಯೆಂದು ನನಗೆ ಸಂತೋಷವಾಯಿತು.

ಪೆಟ್ಟಿಗೆ ಇಟ್ಟದ್ದು ಗಿರಣಿಗೂ ಮನೆಗೂ ನಡುವಿನ ಸಣ್ಣ ಕೋಣೆಯಲ್ಲಿ. ಜೋಳದ ಡಬ್ಬಿ ಇಟ್ಟು ಸರದಿಗೆ ಕಾಯುವ ಹೆಂಗಸರಿಗೆ ಅದು ಕಾಣುತ್ತಿತ್ತು.

“ಏನವ್ವಾ, ಬೆಕ್ಕಿನ ಬಾಣಂತನ ಮಾಡಾಕ ಇಷ್ಟು ವರ್ಷ ಓದಿ ಬಂದೀಯೇನು?”

“ಬಸುರಿಗೆ ಕುಬಸ ಯಾವಾಗ ಮಾಡ್ತೀರಿ? ಹಸರ ಬಳಿ ತರಬೇಕಲ್ಲ ನಾವು.”

“ನಾ ಆರು ಹಡದೀನಿ, ನನಗ ಒಬ್ರೂ ಪೆಟ್ಟಿಗಿ ಬಿಸಲಿಗಿಟ್ಟಿಲ್ಲ ನೋಡು.”

ಅಪ್ಪ ಬೆಲ್ಟಿನ ಸದ್ದಿನ ನಡುವೆಯೇ ನಗುತ್ತಿದ್ದ. ನಾನು ಉತ್ತರ ಕೊಡುತ್ತಿರಲಿಲ್ಲ. ಯಾವಾಗ ಮರಿ ಹಾಕುತ್ತದೆಂದು ಕೇಳಿದರೆ ಮಾತ್ರ ದಿನ ಹೇಳುತ್ತಿದ್ದೆ. ಬಹಳ ಜನ ಕೇಳಿದರು. ಊರಿನವರಿಗೆ ಬೆಕ್ಕಿನ ಮೇಲೆ ಇಷ್ಟು ಅಕ್ಕರೆ ಇದೆಯೆಂದು ನಾನು ತಿಳಿದಿರಲಿಲ್ಲ.

ನಮ್ಮ ತಾಲ್ಲೂಕಿನದೇ ಅರಸೀಕೆರೆಯಿಂದ ಬಂದು ನಮ್ಮ ಓಣಿಯಲ್ಲಿ ನೆಲೆಸಿದ್ದ, ಹಪ್ಪಳ ಮಾಡಿ ಮಾರುವ ಒಬ್ಬ ಮುದುಕಿ ನಿಜ ಹೇಳಿದಳು. ಒಂದು ಮಧ್ಯಾಹ್ನ ಪೆಟ್ಟಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಬೆಕ್ಕಿನ ಹೊಟ್ಟೆಯನ್ನೇ ನೋಡುತ್ತ, “ತಂಗೀ, ಇದರದೊಂದು ಮಾಸು ನನಗ ಕೊಡು. ಪುಣ್ಯ ಬರ್ತೈತಿ ನಿನಗ,” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ವಿವರಿಸಿದಳು. ಬೆಕ್ಕಿನ ಮಾಸು ಯಾರಿಗೂ ಸಿಗುವುದಿಲ್ಲ, ಬಿದ್ದ ಕೂಡಲೇ ತಿಂದುಬಿಡುತ್ತದೆ. ಅದು ತಿನ್ನುವ ಮೊದಲು ಎಡಗೈಯಲ್ಲಿ ಎತ್ತಿಕೊಂಡು, ಅರಿಶಿನ ಹಚ್ಚಿ, ಮನೆಯಲ್ಲಿ ಬೆಲೆಬಾಳುವುದು ಎಲ್ಲಿರುತ್ತದೋ ಅಲ್ಲಿಡಬೇಕು. ಇಟ್ಟ ಮೇಲೆ ಅಮಾವಾಸ್ಯೆ ದಾಟುವತನಕ ಬಾಯಿ ಬಿಡಬಾರದು.

“ಬಾಗಳಿಯಾಗ ನಮ್ಮ ಬೀಗರ ಮನ್ಯಾಗ ಐತಿ. ಮಗಗ ಕಂಡಕ್ಟರ್ ನೌಕರಿ ಹೆಂಗ ಬಂತು ಅಂದ್ಕೊಂಡಿ?”

“ಯಾರಿಗೂ ಹೇಳಬಾರದು ಅಂದ್ರ ನಿಮಗ ಹೆಂಗ ಗೊತ್ತಾತು?” ಎಂದೆ.

“ಅವರು ಹೇಳಿಲ್ಲ. ನಾ ಪೆಟ್ಟಿಗಿ ತಗದು ನೋಡೀನಿ.”

“ಬಾಯಿ ಬಿಟ್ರ?”

“ಬಿಟ್ರ ಹೋತು. ಬರೇ ಒಣ ಚರ್ಮ.”

ಅವ್ವ ಬಾಗಿಲ ಬಳಿ ಹಿಟ್ಟು ಸಾಣಿಸುತ್ತಿದ್ದಳು. “ಬಿಡ್ರಿ ಅತ್ತಿ, ಎಂಥ ಮಾತು,” ಎಂದಳಷ್ಟೇ.

ಆಗ ಆದ ಆಘಾತಕ್ಕೆ ನಾನು ಸಿದ್ಧಳಾಗಿರಲಿಲ್ಲ. ಕುಬಸದ ತಮಾಷೆ, ದಿನ ಕೇಳಿದ್ದು, ಬಗ್ಗಿ ಬಗ್ಗಿ ನೋಡಿದ್ದು ಎಲ್ಲ ಇದಕ್ಕಾಗಿಯೇ. ಯಾರೋ ಒಬ್ಬರು ಒಂದನ್ನು ಎತ್ತಿಕೊಂಡು ಹೋದರೆ ನನ್ನ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ಒಳಗೊಂದು ಉಳಿದಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಆ ಕಪ್ಪು ಮುದ್ದೆ ಕಣ್ಣ ಮುಂದೆ ಬಂತು. ಅಂದಿನಿಂದ ಕೇಳಿದವರಿಗೆಲ್ಲ ಐದು ದಿನ ಮುಂದೆ ಹಾಕಿ ಹೇಳಿದೆ. ನನಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಮುಖ ಬಿಸಿಯಾಗುತ್ತಿತ್ತು. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದೆ. ನಿಜವಾದ ದಿನ ಹೇಳಿದ್ದು ಅವ್ವನಿಗೆ ಮಾತ್ರ.

“ಎಷ್ಟು ಮರಿ ಬರ್ತಾವು?” ಎಂದು ಅವಳು ಕೇಳಿದಳು.

“ಮೂರೋ ನಾಕೋ ಇರಬೇಕು.”

“ಹೂಂ,” ಎಂದಳು.

ಲೆಕ್ಕದ ದಿನಕ್ಕಿಂತ ಒಂದು ದಿನ ಮೊದಲೇ, ಬೆಳಿಗ್ಗೆ, ಬೆಕ್ಕು ಹಾಲು ಮುಟ್ಟಲಿಲ್ಲ. ಗೋಣಿಚೀಲವನ್ನು ಕೆರೆದು ಕೆರೆದು ಗುಡ್ಡೆ ಮಾಡಿತು. ಹತ್ತಕ್ಕೆ ತ್ರೀಫೇಸ್ ಕರೆಂಟು ಹೋಗಿ ಗಿರಣಿ ನಿಂತಿತು. ಅಪ್ಪ ಮುಂಬಾಗಿಲು ಮುಚ್ಚಿ ಪೇಟೆಗೆ ಹೋದ. ಗಿರಣಿಯ ನಡುಕ ನಿಂತ ನೆಲದ ಮೇಲೆ, ಆ ನಿಶ್ಶಬ್ದದಲ್ಲಿ, ಬೆಕ್ಕು ಮೊದಲ ಸಲ ಬಿಗಿಹಿಡಿದು ಮುಲುಕಿತು. ನಾನು ಚಿಲಕ ಹಾಕಿದೆ. ಒಳಗೆ ನಾನು, ಅವ್ವ, ಬೆಕ್ಕು.

ಗೋಡೆಗೆ ಒಂದು ಕಾಗದ ಅಂಟಿಸಿದ್ದೆ. ಎಡಕ್ಕೆ ಮರಿ, ಬಲಕ್ಕೆ ಮಾಸು. ನಡುವೆ ಗೆರೆ.

ಮೊದಲ ಮರಿ ಹತ್ತೂವರೆಗೆ ಬಂತು, ಬೂದು ಬಣ್ಣದ್ದು. ಬೆಕ್ಕು ಪೊರೆ ಹರಿದು ನೆಕ್ಕಿತು. ಐದು ನಿಮಿಷಕ್ಕೆ ಮಾಸು ಬಿತ್ತು. ನಾನು ಕಣ್ಣಾರೆ ನೋಡಿ ಬಲಕ್ಕೆ ಗೀಟು ಹಾಕುವಷ್ಟರಲ್ಲಿ ತಿಂದು ಮುಗಿಸಿತ್ತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ನಲವತ್ತು ನಿಮಿಷ ಹಿಡಿಯಿತು. ಮರಿ, ಮಾಸು, ಎರಡು ಗೀಟು. ನಾಲ್ಕನೆಯದು ಕಪ್ಪು. ಬೆಕ್ಕು ಸೋತಿತ್ತು; ಪೊರೆ ಹರಿಯಲಿಲ್ಲ. ನಾನೇ ಉಗುರಿನಿಂದ ಹರಿದು, ಪಂಚೆಯ ತುಂಡಿನಲ್ಲಿ ಮರಿಯ ಬೆನ್ನು ತಿಕ್ಕಿದೆ. ಅದು ಬಾಯಿ ತೆರೆದು ಗಾಳಿ ಎಳೆದುಕೊಂಡಿತು. ಬೆಕ್ಕು ಎಚ್ಚೆತ್ತು ಹೊಕ್ಕುಳಬಳ್ಳಿ ಕಡಿಯಿತು. ಎಡಕ್ಕೆ ನಾಲ್ಕನೆಯ ಗೀಟು. ಮಾಸು ಇನ್ನೂ ಬಿದ್ದಿರಲಿಲ್ಲ.

ಅವ್ವ ಅಲ್ಲಿಯತನಕ ಗೋಡೆಗೊರಗಿ ಕೂತಿದ್ದವಳು ಮುಂದೆ ಸರಿದಳು. “ನೀರು ಆರ್ಯಾವು. ಕಾಯಿಸ್ಕೊಂಡು ಬಾ. ನಾ ನೋಡ್ತಿರ್ತೀನಿ.”

ನಾನು ಅಡುಗೆಮನೆಗೆ ಹೋಗಿ ಸ್ಟವ್‌ಗೆ ಗಾಳಿ ಹೊಡೆದೆ. ಐದಾರು ನಿಮಿಷವಾಗಿರಬೇಕು. ಮರಳಿದಾಗ ಅವ್ವ ಮತ್ತೆ ಗೋಡೆಗೊರಗಿ ಕೂತಿದ್ದಳು, ಕೈ ಸೆರಗಿನೊಳಗೆ. ಬೆಕ್ಕು ಕಪ್ಪು ಮರಿಯನ್ನು ನೆಕ್ಕುತ್ತಿತ್ತು.

“ಮಾಸು ಬಿತ್ತೇನು?” ಎಂದು ನಾನು ಕೇಳಲಿಲ್ಲ. ಇದನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಬಿದ್ದಿದ್ದರೆ ಅವಳು ಹೇಳುತ್ತಿದ್ದಳು ಎಂದುಕೊಂಡು ಸುಮ್ಮನೆ ಕುಳಿತು ಕಾದೆ.

ಎರಡು ಗಂಟೆಗೆ ಕರೆಂಟು ಬಂತು, ಗಿರಣಿ ಶುರುವಾಯಿತು, ನೆಲ ಮತ್ತೆ ನಡುಗತೊಡಗಿತು. ಸಂಜೆಯಾಯಿತು. ಬಲಕ್ಕೆ ಮೂರೇ ಗೀಟು. ನೋಟುಪುಸ್ತಕ ಒಂದು ದಿನ ಕಾಯಬಹುದು ಎನ್ನುತ್ತಿತ್ತು. ಮರುದಿನ ಬೆಳಿಗ್ಗೆ ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಹಾಲಿಗೆ ಮೂತಿ ಇಟ್ಟು ತೆಗೆಯಿತು. ಜ್ವರ ನೋಡಿದೆ: ಬೆಕ್ಕಿಗೆ ಇರಬೇಕಾದ್ದಕ್ಕಿಂತ ಒಂದು ಡಿಗ್ರಿ ಹೆಚ್ಚು. ಪಂಚೆಯ ತುಂಡುಗಳನ್ನೆಲ್ಲ ಒಂದೊಂದಾಗಿ ಬಿಡಿಸಿದೆ, ಪತ್ರಿಕೆಗಳನ್ನು ಎತ್ತಿದೆ, ಗೋಣಿಚೀಲ ಕೊಡವಿದೆ. ಎಲ್ಲಿಯೂ ಇರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ ನನ್ನನ್ನು ನೋಡುತ್ತಿದ್ದಳು. ನಾನು ತಲೆ ಎತ್ತಿದಾಗ ಕೆಂಡ ಸರಿಮಾಡಿದಳು.

ಊಟ ಮಾಡದೆ ಕಾಂಪೌಂಡರ್ ಮನೆಗೆ ಹೋದೆ. ಅವರು ಚೀಲ ಹಿಡಿದು ಬಂದರು. ಹೊಟ್ಟೆ ಮುಟ್ಟಿ ನೋಡಿದರು, ಕಾಗದ ನೋಡಿದರು, ಮತ್ತೆ ಹೊಟ್ಟೆ ಮುಟ್ಟಿದರು.

“ಹೊಟ್ಟಿ ನೋಡಿದ್ರ ಹಂಗೇನೂ ಕಾಣವಲ್ದು. ಹಡದ ಬೆಕ್ಕು ತೇಕತೈತಿ. ಅದು ತಿಂದಿರಬೇಕು, ನಿನ್ನ ಕಣ್ಣು ತಪ್ಪೈತಿ.”

“ನಾ ಕದಲಿಲ್ಲ ಕಾಕಾ. ಒಮ್ಮೆ ನೀರು ತರಾಕ ಹೋಗಿದ್ದೆ. ಆಗ ಅವ್ವ ಇದ್ಲು.” ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿದೆ. “ಅವ್ವಾ, ನಾ ನೀರಿಗೆ ಹೋದಾಗ ಬೆಕ್ಕು ಮಾಸು ತಿಂತೇನು?”

“ಇಲ್ಲ,” ಎಂದಳು ಅವ್ವ.

ನನಗೆ ಅಷ್ಟು ಸಾಕಾಗಿತ್ತು. ಅವ್ವ ಸುಳ್ಳು ಹೇಳುವವಳಲ್ಲ.

“ನೋಡು ತಂಗಿ,” ಕಾಂಪೌಂಡರ್ ಸಿರಿಂಜು ಕೈಯಲ್ಲಿ ಹಿಡಿದೇ ಹೇಳಿದರು. “ಇದು ಆಕಳಿಗೆ ಕೊಡೋ ಸೂಜಿ. ಬೆಕ್ಕಿಗೆ ಎಷ್ಟು ಅಂತ ನಾ ಅಂದಾಜ ಮಾಡಬೇಕು. ಒಳಗ ಮಾಸು ಇದ್ರ ನೂಕಿ ಹಾಕತೈತಿ. ಇಲ್ಲಾಂದ್ರ ಸುಮ್ಮಸುಮ್ಮನ ಹೊಟ್ಟಿ ಹಿಂಡತೈತಿ. ಹೆಚ್ಚಾದ್ರ ಗರ್ಭಚೀಲನ ಹರೀಬಹುದು. ನಿನ್ನ ಲೆಕ್ಕ ಖರೆ ಐತೇನು?”

ನಾನು ಗೋಡೆಯ ಮೇಲಿನ ಕಾಗದ ತೋರಿಸಿದೆ. “ಖರೆ ಐತಿ.”

ನಾನು ಬೆಕ್ಕಿನ ಮುಂಗಾಲು ಹಿಡಿದೆ, ಅವರು ಸ್ವಲ್ಪವೇ ಕೊಟ್ಟರು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬೆಕ್ಕು ಎದ್ದು ನಿಂತಿತು. ಅದರ ಹೊಟ್ಟೆ ಒಳಗೆ ಸೇದಿಕೊಂಡು ಬೆನ್ನು ಬಿಲ್ಲಾಯಿತು. ಅದು ಕೂಗಿದ ಸದ್ದನ್ನು ನಾನು ಮರಿ ಹಾಕುವಾಗಲೂ ಕೇಳಿರಲಿಲ್ಲ. ಗಿರಣಿಯ ಸದ್ದಿನ ಮೇಲೂ ಕೇಳಿಸಿ ಅಪ್ಪ ಬೆಲ್ಟ್ ಬಿಟ್ಟು ಓಡಿ ಬಂದ. ಬೆಕ್ಕು ಪೆಟ್ಟಿಗೆಯಿಂದ ಹೊರಗೆ ಬೀಳುವಾಗ ಹಿಂಗಾಲು ಕಪ್ಪು ಮರಿಯ ಮೇಲಿತ್ತು. ಮೂಲೆಗೆ ಹೋಗಿ, ನೆಲ ಕಚ್ಚುವಂತೆ ಬಾಯಿ ಹಚ್ಚಿ, ಮತ್ತೆ ಮತ್ತೆ ಮುಲುಕಿತು. ಏನೂ ಬರಲಿಲ್ಲ. ನಾಲ್ಕು ಮರಿಗಳೂ ಕುರುಡಾಗಿ ಗೋಣಿಚೀಲದ ಮೇಲೆ ಹರಿದಾಡುತ್ತಿದ್ದವು. ಅರ್ಧ ಗಂಟೆ ನಾವು ಅದನ್ನು ನೋಡುತ್ತ ನಿಂತೆವು.

“ಬರವಲ್ದು,” ಎಂದರು ಕಾಂಪೌಂಡರ್. ಅವರ ಹಣೆ ಬೆವರಿತ್ತು. “ಗಟ್ಟಿ ಹಿಡದೈತಿ ಕಾಣತೈತಿ. ಇನ್ನೊಂದು ಸ್ವಲ್ಪ ಕೊಟ್ಟು ನೋಡೋದು. ಅದರ ಮ್ಯಾಲ ನನ್ನ ಕೈಯಾಗಿಲ್ಲ.”

“ಕೊಡ್ರಿ,” ಎಂದೆ. ಆ ಮಾತು ಹೇಳಿದ್ದು ನಾನೇ.

ಅವರು ಶೀಶೆಗೆ ಸೂಜಿ ಚುಚ್ಚಿದರು. ನಾನು ಬೆಕ್ಕಿನ ಮುಂಗಾಲು ಹಿಡಿಯಲು ಬಗ್ಗಿದೆ.

“ಬ್ಯಾಡ್ರಿ,” ಎಂದಳು ಅವ್ವ. ದನಿ ಎತ್ತರಿಸಿರಲಿಲ್ಲ. “ಅದರ ಹೊಟ್ಯಾಗ ಏನೂ ಇಲ್ಲ. ನನ್ನತ್ರ ಐತಿ.”

ಯಾರಿಗೂ ತಿಳಿಯಲಿಲ್ಲ. ಅಪ್ಪ, “ಏನೈತಿ?” ಎಂದು ಕೇಳಿದ. ಅವ್ವ ಒಳಗೆ ಹೋದಳು. ಮಂಚದ ಕೆಳಗಿನಿಂದ ಟ್ರಂಕು ಎಳೆದ ಸದ್ದು ಕೇಳಿಸಿತು. ಹಿಂತಿರುಗಿ ಬಂದವಳ ಕೈಯಲ್ಲಿ ನನ್ನ ಅಂಕಪಟ್ಟಿಗಳ ಫೈಲು ಇತ್ತು. ಅದನ್ನು ತೆರೆದಳು. ಎಂ.ಎಸ್ಸಿ. ಅಂಕಪಟ್ಟಿಯ ಮೇಲೆ, ಎರಡು ವೀಳ್ಯದೆಲೆಗಳ ನಡುವೆ, ಹಳದಿ ಮೆತ್ತಿದ ಒಂದು ಸಣ್ಣ ತುಂಡು ಒಣಗತೊಡಗಿತ್ತು.

ನಾನು ಅದನ್ನು ನೋಡಿದೆ, ಅವ್ವನನ್ನು ನೋಡಿದೆ. ಇಡೀ ಓಣಿಯಿಂದ ಕಾಯಲು ನಾನು ಬಾಗಿಲಿಗೆ ಚಿಲಕ ಹಾಕಿಸಿದ್ದೆ. ಚಿಲಕದ ಒಳಗೆ ಕೂರಿಸಿಕೊಂಡದ್ದು ಇವಳನ್ನು.

“ನಿನ್ನೆಯಿಂದ ನಾ ಹುಡುಕೋದು ನೋಡಾಕತ್ತಿದ್ದಿ,” ಎಂದೆ ಕೊನೆಗೆ.

“ಅಮಾಸಿಗೆ ಇನ್ನ ನಾಕ ದಿನ ಇತ್ತು,” ಎಂದಳು. “ಸೂಜಿ ಚುಚ್ಚತಾರಂತ ನನಗೇನು ಗೊತ್ತು. ತಾನ ಸುಮ್ಮನಾಗ್ತಿ ಅಂದ್ಕೊಂಡಿದ್ದೆ.”

“ನಾ ಕೇಳಿದೆನಲ್ಲ.”

“ತಿಂತೇನು ಅಂತ ಕೇಳಿದಿ. ತಿಂದಿಲ್ಲ ಅಂದೆ.”

ಅದು ನಿಜವಾಗಿತ್ತು. ಕೇಳಿದಷ್ಟಕ್ಕೆ, ತೂಗಿದಂತೆ, ಸರಿಯಾದ ಉತ್ತರ. ನಾನಾದರೂ ಹಾಗೆಯೇ ಹೇಳುತ್ತಿದ್ದೆನೇನೋ ಎಂದು ಹೊಳೆದದ್ದು ಆ ಗಳಿಗೆಯಲ್ಲೇ. ಅದು ನನ್ನನ್ನು ಇನ್ನಷ್ಟು ಬೆಚ್ಚಿಸಿತು.

ಕಾಂಪೌಂಡರ್ ಸಿರಿಂಜಿನಲ್ಲಿದ್ದುದನ್ನು ಮೋರಿಗೆ ಚೆಲ್ಲಿದರು. ಕೈ ತೊಳೆದು, ಚೀಲದ ಬಾಯಿ ಕಟ್ಟುತ್ತ, “ಲೆಕ್ಕ ಖರೆ ಇತ್ತು ತಂಗಿ. ಮಾಸು ಇರೋ ಜಾಗ ಅಷ್ಟ ತಪ್ಪಿತ್ತು,” ಎಂದರು. ಅಪ್ಪ ಅವ್ವನಿಗೆ ಏನೋ ಹೇಳಲು ಬಾಯಿ ತೆರೆದ. ಫೈಲಿನ ಮೇಲೆ ಬರೆದಿದ್ದ ನನ್ನ ಹೆಸರು ಕಂಡು ಹಾಗೆಯೇ ಗಿರಣಿಗೆ ಹೋದ.

ಅವ್ವ ಕೂತು, ಎಲೆಯ ಮೇಲಿನ ತುಂಡನ್ನು ಬೆಕ್ಕಿನ ಮುಂದೆ ಇಟ್ಟಳು. ಬೆಕ್ಕು ಮೂಸಿತು. ಅರಿಶಿನದ ವಾಸನೆಗೆ ಮುಖ ತಿರುಗಿಸಿತು. “ಇನ್ನ ಯಾರಿಗೂ ಬ್ಯಾಡಾತು,” ಎಂದು ಅವಳು ಅದನ್ನು ಹಿತ್ತಿಲಿಗೆ ಒಯ್ದು ನುಗ್ಗೆಗಿಡದ ಬುಡದಲ್ಲಿ ಹುಗಿದು ಬಂದಳು. ಬರುವಾಗ ಕಣ್ಣು ಒರೆಸಿಕೊಂಡಿದ್ದಳು. ನಾನು ನೋಡದ ಹಾಗಿದ್ದೆ.

ಬೆಕ್ಕಿನ ಹೊಟ್ಟೆ ಹಿಂಡುವುದು ಹೊತ್ತು ಮುಳುಗುವ ಮೊದಲೇ ನಿಂತಿತು. ಅದು ನಿಧಾನವಾಗಿ ಪೆಟ್ಟಿಗೆಗೆ ಹತ್ತಿ, ಮರಿಗಳನ್ನು ಒಂದೊಂದಾಗಿ ಮೂಸಿ, ಅವುಗಳ ಸುತ್ತ ಮಲಗಿತು. ನಾನು ಹಾಲಿನ ಬಟ್ಟಲು ಹಿಡಿದು ಹತ್ತಿರ ಹೋದೆ. ಅದು ಕಿವಿ ಹಿಂದೆ ಮಾಡಿ ನನ್ನ ಮೇಲೆ ಬುಸ್ಸೆಂದಿತು. ನಾನು ಸಾಕಿದ ಬೆಕ್ಕು, ಎರಡು ಸಲ ಮುಂಗಾಲು ಹಿಡಿದದ್ದು ನಾನು. ಅದು ನೆನಪಿಟ್ಟದ್ದೂ ಅಷ್ಟನ್ನೇ ಇರಬೇಕು. ಇನ್ನೊಂದು ಹೆಜ್ಜೆ ಇಟ್ಟಾಗ ಮುಂಗೈಯಲ್ಲಿ ನಾಲ್ಕು ಗೆರೆ ಎಳೆಯಿತು. ಅವ್ವ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಅವಳು ಪೆಟ್ಟಿಗೆಯೊಳಗೆ ಕೈ ಹಾಕಿ ಬಟ್ಟಲಿಟ್ಟರೂ ಬೆಕ್ಕು ಸುಮ್ಮನಿತ್ತು. ಕುಡಿಯಿತು.

ಆಮೇಲೆ ಹದಿನೈದು ದಿನ ನನಗೆ ಆ ಪೆಟ್ಟಿಗೆಯ ಹತ್ತಿರ ಹೋಗಲಾಗಲಿಲ್ಲ. ಹಾಲು ಇಟ್ಟವಳು, ಬಟ್ಟೆ ಬದಲಿಸಿದವಳು, ಮರಿಗಳನ್ನು ಎತ್ತಿ ನೋಡಿದವಳು ಅವ್ವ. ಸಂದರ್ಶನದ ಪತ್ರ ಬಂದದ್ದು ಎಷ್ಟೋ ತಿಂಗಳ ಮೇಲೆ. ಅಂಕಪಟ್ಟಿಯ ಮೂಲೆಯ ಹಳದಿ ಕಲೆ ಆಗಲೂ ಹೋಗಿರಲಿಲ್ಲ, ಯಾರೂ ಕೇಳಲಿಲ್ಲ. ಆದರೆ ನಾನು ಹೇಳಬೇಕಾದದ್ದು ಸೂಜಿ ಕೊಟ್ಟ ಮರುದಿನದ ಮಾತು.

ಬೆಳಿಗ್ಗೆ ನಾನು ಬಾಗಿಲಲ್ಲೇ ನಿಂತು ಅವ್ವನನ್ನು ಕೇಳಿದೆ: “ಎಷ್ಟದಾವು?”

“ನಾಕೂ ಅದಾವು.”

“ಹಾಲು ಕುಡೀತಾವೇನು?”

“ಕುಡೀತಾವು.”

ಎರಡೂ ನಿಜವಿರಬೇಕು. ನಾನು ಇನ್ನೇನು ಕೇಳಬೇಕು, ಯಾವ ಪ್ರಶ್ನೆ ಬಿಟ್ಟೆ ಎಂದು ಯೋಚಿಸುತ್ತ ನಿಂತೆ. ಹಾಗೆ ನಿಂತದ್ದು ಅವಳಿಗೆ ಕಂಡಿರಬೇಕು. ಅವಳು ಪೆಟ್ಟಿಗೆಯೊಳಗೆ ಕೈ ಹಾಕಿ ಸ್ವಲ್ಪ ಹೊತ್ತು ಏನೋ ಮುಟ್ಟಿ ನೋಡಿದಳು.

“ಕರೇದು ಸರಿಯಾಗಿ ಕುಡೀವಲ್ದು,” ಎಂದಳು, ನಾನು ಕೇಳದೆಯೇ. “ನಿನ್ನೆ ತುಳದೈತಲ್ಲ, ಹಿಂದಿನ ಕಾಲು ಎಳೀತೈತಿ. ಉಳದ್ವು ದಬ್ಬಿಬಿಡ್ತಾವು ಅದನ್ನ. ಬಾಗಲ್ದಾಗ ನಿಂದ್ರಬ್ಯಾಡ, ಆ ಕಣ್ಣಿನ ಔಷಧದ ಡ್ರಾಪರ್ ತೊಗೊಂಡು ಬಾ.”

ನಾನು ಡಬ್ಬಿ ತರಲು ಹೋದೆ. ಡ್ರಾಪರನ್ನು ಕುದಿಯುವ ನೀರಲ್ಲಿ ಅದ್ದಿ, ಹಾಲು ಉಗುರು ಬೆಚ್ಚಗಿದೆಯೇ ಎಂದು ಮಣಿಕಟ್ಟಿನ ಮೇಲೆ ಬಿಟ್ಟು ನೋಡಿ, ಬಾಗಿಲಿನಿಂದಲೇ ಅವಳ ಕೈಗೆ ಕೊಟ್ಟೆ. ಅವಳು ಕಪ್ಪು ಮರಿಯನ್ನು ಎಡ ಅಂಗೈಯಲ್ಲಿ ಮಲಗಿಸಿಕೊಂಡಳು. ಒಂದೊಂದು ಹನಿ ಬಿಡುವಾಗಲೂ ಗಟ್ಟಿಯಾಗಿ, ನನಗೆ ಕೇಳಿಸುವ ಹಾಗೆ, ಎಣಿಸಿದಳು.